ಜಡ್ಜ್‌ಗಳಿಗೂ ವೋಟು ಹಾಕಬೇಕಾ? ಮೆಕ್ಸಿಕೋ ಹಾಕಿ ನೋಡಿದೆ

2025ರ ಜೂನ್ 1, ಭಾನುವಾರ. ಮೆಕ್ಸಿಕೋದ ಮತಗಟ್ಟೆಗೆ ಹೋದ ಪ್ರತಿಯೊಬ್ಬರ ಕೈಗೂ ಕನಿಷ್ಠ ಆರು ಮತಪತ್ರ ಬಂತು. ಒಂದೊಂದಕ್ಕೂ ಒಂದೊಂದು ಬಣ್ಣ. ನೇರಳೆ ಬಣ್ಣದ್ದು ಸುಪ್ರೀಂ ಕೋರ್ಟಿಗೆ. ಅದರಲ್ಲಿ 64 ಹೆಸರು, ಪ್ರತಿ ಹೆಸರಿಗೂ ಒಂದು ನಂಬರ್. ಪಕ್ಷದ ಗುರುತು ಎಲ್ಲೂ ಇಲ್ಲ. ಐವರು ಮಹಿಳೆಯರು, ನಾಲ್ವರು ಪುರುಷರನ್ನು ಆರಿಸಿ ಅವರ ನಂಬರುಗಳನ್ನು ಪುಟ್ಟ ಪುಟ್ಟ ಚೌಕಗಳಲ್ಲಿ ಬರೆಯಬೇಕು. ಇದು ಮುಗಿದರೆ ಇನ್ನೂ ಐದು ಹಾಳೆ ಬಾಕಿ. ಕೆಲವು ರಾಜ್ಯಗಳಲ್ಲಿ ಅದಕ್ಕೂ ಜಾಸ್ತಿ.

ಹೆಚ್ಚುಕಮ್ಮಿ 10 ಕೋಟಿ ಮತದಾರರಿರುವ ದೇಶದಲ್ಲಿ ಅವತ್ತು ವೋಟು ಹಾಕಿದವರು ನೂರಕ್ಕೆ 13 ಮಂದಿ. ಹಾಕಿದವರಲ್ಲೂ ಹಲವರು ಚೌಕಗಳನ್ನು ಖಾಲಿ ಬಿಟ್ಟರು ಇಲ್ಲವೇ ಹಾಳೆ ಕೆಡಿಸಿದರು. ಸುಪ್ರೀಂ ಕೋರ್ಟಿನ ಲೆಕ್ಕದಲ್ಲಿ ಹೀಗೆ ವ್ಯರ್ಥವಾದ ಮತ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಸುದ್ದಿ ಓದಿದವರಿಗೆ ಗೊಂದಲ ಆಗಿದ್ದು ಸಹಜ. ಒಂದು ಕಡೆ 'ಜಗತ್ತಿನ ಅತಿ ದೊಡ್ಡ ಪ್ರಜಾಸತ್ತೆಯ ಪ್ರಯೋಗ' ಎಂದರು. ಇನ್ನೊಂದು ಕಡೆ 'ಕೋರ್ಟನ್ನು ಸರ್ಕಾರ ಜೇಬಿಗೆ ಹಾಕಿಕೊಂಡಿತು' ಎಂದರು. ಅದೇ ವರ್ಷ ಮಾರ್ಚ್ 14ರ ರಾತ್ರಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಸರ್ಕಾರಿ ಬಂಗಲೆಯಲ್ಲಿ ಬೆಂಕಿ ಬಿದ್ದು, ಸುಟ್ಟ ನೋಟುಗಳು ಸಿಕ್ಕಿದವು ಎಂಬ ಸುದ್ದಿ ಬಂದಿತ್ತು. ಹಣ ತಮ್ಮದಲ್ಲ ಎಂದು ಅವರು ಹೇಳಿದರು. ಆದರೂ 'ಎಂಎಲ್‌ಎಯನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು, ಜಡ್ಜನ್ನು ಯಾರು ಕಳಿಸಬೇಕು?' ಎಂಬ ಪ್ರಶ್ನೆ ಇಲ್ಲೂ ಎದ್ದಿತು. ಕೇಳಬಾರದ ಪ್ರಶ್ನೆಯೇನಲ್ಲ. ಉತ್ತರ ಹುಡುಕಬೇಕಾದರೆ ಮೆಕ್ಸಿಕೋದಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಹೇಗಿತ್ತು?

ಅಲ್ಲಿ ಮೊದಲು ಸುಪ್ರೀಂ ಕೋರ್ಟಿಗೆ ಅಧ್ಯಕ್ಷರು ಮೂರು ಹೆಸರು ಕಳಿಸುತ್ತಿದ್ದರು, ಸೆನೆಟ್ ಮೂರನೇ ಎರಡರಷ್ಟು ಬಹುಮತದಿಂದ ಒಬ್ಬರನ್ನು ಆರಿಸುತ್ತಿತ್ತು. ಕೇಂದ್ರದ ಕೆಳಗಿನ ಕೋರ್ಟುಗಳಿಗೆ ಪರೀಕ್ಷೆ ಬರೆದು, ಮೆಟ್ಟಿಲು ಹತ್ತಿ ಬರಬೇಕಿತ್ತು. ಹೀಗೆ ಬಂದ ಕೋರ್ಟು ಆಗಿನ ಅಧ್ಯಕ್ಷ ಆಂದ್ರೇಸ್ ಮಾನುವೆಲ್ ಲೋಪೆಸ್ ಒಬ್ರಾದೋರ್ ಅವರ ದಾರಿಗೆ ಮತ್ತೆ ಮತ್ತೆ ಅಡ್ಡ ಬಂತು. 2023ರಲ್ಲಿ ನ್ಯಾಷನಲ್ ಗಾರ್ಡ್ ಪಡೆಯನ್ನು ಸೇನೆಯ ಕೈಗೆ ಕೊಡುವ ಕಾನೂನನ್ನು ತಳ್ಳಿಹಾಕಿತು. ಚುನಾವಣಾ ಆಯೋಗದ ರೆಕ್ಕೆ ಕತ್ತರಿಸುವ ಕಾನೂನನ್ನೂ ತಳ್ಳಿಹಾಕಿತು. 'ಇವರು ಯಾರಿಂದ ಆರಿಸಿ ಬಂದವರು?' ಎಂದು ಅಧ್ಯಕ್ಷರು ಕೇಳಲು ಶುರು ಮಾಡಿದರು.

ಜನರಿಗೂ ಕೋರ್ಟುಗಳ ಮೇಲೆ ಪ್ರೀತಿ ಉಕ್ಕುತ್ತಿರಲಿಲ್ಲ. ನ್ಯಾಯಾಂಗದ ಕೆಲಸಗಳು ನೆಂಟರಿಷ್ಟರ ಪಾಲಾಗುತ್ತವೆ, ದುಡ್ಡಿದ್ದವನ ಕೇಸು ಬೇಗ ಮುಗಿಯುತ್ತದೆ, ಬಡವನು ವಿಚಾರಣೆಗೆ ಕಾಯುತ್ತಾ ಜೈಲಲ್ಲೇ ಕೊಳೆಯುತ್ತಾನೆ ಎಂಬ ದೂರು ಹಳೆಯದು. ನಿಜವೂ ಇತ್ತು. 2024ರ ಜೂನ್ ಚುನಾವಣೆಯಲ್ಲಿ ಅಧ್ಯಕ್ಷರ ಮೊರೇನಾ ಪಕ್ಷ ಮತ್ತು ಅದರ ಜೊತೆಗಾರರು ಭಾರಿ ಬಹುಮತ ಗಳಿಸಿದ ಕೂಡಲೇ, ಜಡ್ಜ್‌ಗಳನ್ನು ಜನರೇ ಆರಿಸಬೇಕು ಎಂಬ ಸಂವಿಧಾನ ತಿದ್ದುಪಡಿ ಹೊರಟಿತು. ಸೆಪ್ಟೆಂಬರ್‌ನಲ್ಲಿ ಪ್ರತಿಭಟನಾಕಾರರು ಸೆನೆಟ್ ಒಳಗೆ ನುಗ್ಗಿದರು. ಸೆನೆಟರ್‌ಗಳು ಹಳೆಯ ಕಟ್ಟಡಕ್ಕೆ ಹೋಗಿ ಮತ ಹಾಕಿದರು. 86 ಪರ, 41 ವಿರುದ್ಧ. ವಿರೋಧ ಪಕ್ಷದ ಒಬ್ಬ ಸೆನೆಟರ್ ಕೊನೇ ಗಳಿಗೆಯಲ್ಲಿ ಆಚೆಗೆ ವಾಲಿದ್ದರಿಂದ ಬೇಕಾದ ಸಂಖ್ಯೆ ತುಂಬಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಕೆಲವು ಭಾಗಗಳನ್ನು ತಳ್ಳಿಹಾಕಲು ನೋಡಿತು. ಎಂಟು ಮತ ಬೇಕಿತ್ತು, ಏಳು ಸಿಕ್ಕಿತು.

ಇಲ್ಲೇ ಒಂದು ಎಡವಟ್ಟು ಇದೆ. ಜನರ ದೊಡ್ಡ ಸಿಟ್ಟು ಇದ್ದದ್ದು ಅಪರಾಧ ಮಾಡಿದವರಿಗೆ ಶಿಕ್ಷೆ ಆಗುವುದಿಲ್ಲ ಎಂಬುದರ ಮೇಲೆ. ಆದರೆ ಆ ಕೇಸುಗಳಲ್ಲಿ ಹೆಚ್ಚಿನವು ಜಡ್ಜ್ ಮುಂದೆ ಬಂದು ಸೋತವಲ್ಲ. ಎಷ್ಟೋ ಅಪರಾಧಗಳಿಗೆ ದೂರೇ ದಾಖಲಾಗುವುದಿಲ್ಲ. ದಾಖಲಾದವು ತನಿಖೆಯ ಹಂತದಲ್ಲಿ ಸತ್ತುಹೋಗುತ್ತವೆ. ಪೊಲೀಸರನ್ನೂ ಪ್ರಾಸಿಕ್ಯೂಟರ್‌ಗಳನ್ನೂ ಹಾಗೇ ಬಿಟ್ಟು ಜಡ್ಜ್‌ಗಳನ್ನು ಬದಲಾಯಿಸುವುದು, ಕಾಲುವೆ ಒಡೆದು ಕೆರೆಗೆ ನೀರೇ ಬಾರದಿರುವಾಗ ತೂಬು ಬದಲಾಯಿಸಿದ ಹಾಗೆ.

ಚೀಟಿ ನೋಡಿ ಬರೆದ ಉತ್ತರ

ಒಟ್ಟು 2,600ಕ್ಕೂ ಜಾಸ್ತಿ ಹುದ್ದೆಗಳು. ಅದರಲ್ಲಿ ಕೇಂದ್ರದ್ದು 881, ಉಳಿದದ್ದು 19 ರಾಜ್ಯಗಳದ್ದು. ನಿಲ್ಲಲು ಕಾನೂನು ಪದವಿ, ಹತ್ತಕ್ಕೆ ಎಂಟರಷ್ಟು ಸರಾಸರಿ ಅಂಕ, ಒಂದು ಸಣ್ಣ ಪ್ರಬಂಧ, ನೆರೆಹೊರೆಯವರು ಅಥವಾ ಸಹೋದ್ಯೋಗಿಗಳಿಂದ ಐದು ಶಿಫಾರಸು ಪತ್ರ. ಸಮಿತಿಗಳು ಜರಡಿ ಹಿಡಿದ ಮೇಲೂ ಹೆಸರು ಜಾಸ್ತಿ ಉಳಿದಲ್ಲಿ ಲಾಟರಿ ಎತ್ತಿದರು.

ದುಡ್ಡಿನ ಪ್ರಭಾವ ಬರಬಾರದು ಎಂದು ಪ್ರಚಾರಕ್ಕೆ ಸರ್ಕಾರದ ಹಣವೂ ಇಲ್ಲ, ಖಾಸಗಿ ದೇಣಿಗೆಯೂ ಇಲ್ಲ ಎಂದು ನಿಯಮ ಮಾಡಿದರು. ಟಿವಿ, ರೇಡಿಯೋ ಜಾಹೀರಾತು ಕೊಳ್ಳುವಂತಿಲ್ಲ. ಪಕ್ಷಗಳು ಬೆಂಬಲ ಹೇಳುವಂತಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಹೀಗಾದಾಗ ಅಭ್ಯರ್ಥಿ ಯಾರು, ಏನು ಎಂದು ಮತದಾರನಿಗೆ ತಿಳಿಯುವುದಾದರೂ ಹೇಗೆ? ಉಳಿದದ್ದು ಮೊಬೈಲ್ ವಿಡಿಯೋ ಒಂದೇ. ಅಲ್ಲಿ ಚಿಚರೋನ್ ಎಂಬ ಕುರುಕಲು ತಿಂಡಿ ಇದೆ. ದೊಡ್ಡ ಗರಿಗರಿ ಹಪ್ಪಳದಂಥದ್ದರ ಮೇಲೆ ಎಲೆಕೋಸು, ಕ್ರೀಮ್, ಖಾರ ಎಲ್ಲ ಹಾಕಿ 'ತಯಾರು' ಮಾಡಿ ಕೊಡುತ್ತಾರೆ. ಸುಪ್ರೀಂ ಕೋರ್ಟಿಗೆ ನಿಂತಿದ್ದ ಆರಿಸ್ತಿದೆಸ್ ಗೆರೇರೊ ಎಂಬ ಕಾನೂನು ಪಂಡಿತರು 'ನಾನು ಚಿಚರೋನ್‌ಗಿಂತ ಜಾಸ್ತಿ ತಯಾರಾಗಿದ್ದೇನೆ' ಎಂದು ವಿಡಿಯೋ ಹಾಕಿದರು. ಸ್ಪ್ಯಾನಿಷ್‌ನಲ್ಲಿ ತಿಂಡಿ ತಯಾರಾಗುವುದಕ್ಕೂ ಮನುಷ್ಯ ಓದಿ ತಯಾರಾಗುವುದಕ್ಕೂ ಒಂದೇ ಪದ. ವಿಡಿಯೋ ಊರೆಲ್ಲ ಓಡಿತು. ಅವರು ಗೆದ್ದರು, ಈಗ ದೇಶದ ಅತ್ಯುನ್ನತ ಕೋರ್ಟಿನಲ್ಲಿದ್ದಾರೆ. ಅವರಿಗೆ ವಿದ್ಯೆ ಇಲ್ಲ ಎಂದಲ್ಲ. ಆ ವಿದ್ಯೆಯನ್ನು ಜನರ ಮುಂದಿಡಲು ತಿಂಡಿಯ ಹೆಸರು ಬೇಕಾಯಿತು.

64 ಹೆಸರಲ್ಲಿ ಒಂಬತ್ತು ನಂಬರ್ ಆರಿಸುವುದು ಯಾರಿಗೂ ಕಷ್ಟ. ಆ ಖಾಲಿ ಜಾಗಕ್ಕೆ ಬಂದು ಕೂತದ್ದು 'ಅಕೋರ್ದಿಯೋನ್'. ಎಂದರೆ ಹಾರ್ಮೋನಿಯಂ ತಿದಿಯಂತೆ ಮಡಚಿದ ಕಾಗದ. ನಮ್ಮಲ್ಲಿ ಪರೀಕ್ಷೆಗೆ ಒಯ್ಯುವ ಕಾಪಿ ಚೀಟಿಗೆ ಅಲ್ಲಿನ ಹೆಸರು ಅದು. ಯಾವ ಬಣ್ಣದ ಹಾಳೆಯಲ್ಲಿ ಯಾವ ನಂಬರ್ ಬರೆಯಬೇಕು ಎಂದು ಅಚ್ಚು ಹಾಕಿದ ಚೀಟಿಗಳು ಬೀದಿಯಲ್ಲಿ, ವಾಟ್ಸಾಪ್‌ನಲ್ಲಿ ಹರಿದಾಡಿದವು. ಸುಪ್ರೀಂ ಕೋರ್ಟಿಗೆ ಗೆದ್ದ ಒಂಬತ್ತೂ ಜನರ ಹೆಸರು ಆ ಚೀಟಿಗಳಲ್ಲಿತ್ತು. ಚೀಟಿ ನಮ್ಮದಲ್ಲ ಎಂದು ಆಳುವ ಪಕ್ಷ ಹೇಳಿತು. ಚುನಾವಣಾ ಆಯೋಗ ಎಣಿಸುವಾಗ ಕೆಲವು ಪೆಟ್ಟಿಗೆಗಳಲ್ಲಿ ಒಂದೂ ಮಡಿಕೆ ಬೀಳದ ಮತಪತ್ರಗಳು ಸಿಕ್ಕಿದವು. ಮಡಚದೆ ಪೆಟ್ಟಿಗೆಯ ಸೀಳಿನೊಳಗೆ ಹೋಗದ ಹಾಳೆ ಒಳಗೆ ನೀಟಾಗಿ ಕೂತಿತ್ತು. ಅಂಥ 800ಕ್ಕೂ ಜಾಸ್ತಿ ಮತಗಟ್ಟೆಗಳ ಲೆಕ್ಕವನ್ನು ಕೈಬಿಟ್ಟು, ಸುಪ್ರೀಂ ಕೋರ್ಟ್ ಫಲಿತಾಂಶವನ್ನು ಆಯೋಗ ಒಪ್ಪಿದ್ದು 6ಕ್ಕೆ 5 ಮತದಿಂದ. ಅಮೆರಿಕ ಖಂಡದ ದೇಶಗಳ ಒಕ್ಕೂಟದ ವೀಕ್ಷಕರು ಈ ಮಾದರಿಯನ್ನು ಬೇರೆ ದೇಶಗಳು ಅನುಸರಿಸುವುದು ಬೇಡ ಎಂದು ವರದಿ ಕೊಟ್ಟರು. ವೀಕ್ಷಕರು ಸಾಮಾನ್ಯವಾಗಿ ಇಷ್ಟು ಬಿಚ್ಚಿ ಮಾತಾಡುವುದಿಲ್ಲ.

ಉತ್ತರದ ಸಿಯುದಾದ್ ಹ್ವಾರೆಸ್ ನಗರದಲ್ಲಿ ಡ್ರಗ್ಸ್ ದೊರೆ ಎಲ್ ಚಾಪೋನ ಪರ ವಕೀಲರ ತಂಡದಲ್ಲಿ ಹಿಂದೆ ಇದ್ದ ವಕೀಲೆಯೊಬ್ಬರು ಕ್ರಿಮಿನಲ್ ಕೋರ್ಟಿಗೆ ಆಯ್ಕೆಯಾದರು. ಆರೋಪಿಯ ಪರ ವಾದಿಸುವುದು ವಕೀಲರ ಕೆಲಸ, ತಪ್ಪೇನಿಲ್ಲ. ಭಯ ಇರುವುದು ಬೇರೆ ಕಡೆ. ಮತದಾನ ಇಷ್ಟು ಕಡಿಮೆ ಇರುವ ಚುನಾವಣೆಯಲ್ಲಿ ಕೆಲವೇ ಸಾವಿರ ವೋಟು ತಿರುಗಿಸಬಲ್ಲ ಯಾರೇ ಆಗಲಿ ಜಡ್ಜ್ ಯಾರಾಗಬೇಕೆಂದು ನಿರ್ಧರಿಸಬಹುದು. ಡ್ರಗ್ಸ್ ಗುಂಪುಗಳ ಹಿಡಿತ ಇರುವ ಊರುಗಳಲ್ಲಿ ಆ ಶಕ್ತಿ ಯಾರಿಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಪರ ಇರುವವರ ಮಾತು

ಇಷ್ಟು ಓದಿ ಇದೊಂದು ನಾಟಕ ಎಂದು ಪಕ್ಕಕ್ಕಿಡುವುದು ಸುಲಭ. ಆದರೆ ಫಲಿತಾಂಶದ ಇನ್ನೊಂದು ಮುಖವೂ ಇದೆ. ಅತಿ ಹೆಚ್ಚು ಮತ, 60 ಲಕ್ಷಕ್ಕೂ ಜಾಸ್ತಿ, ಪಡೆದು ಕೋರ್ಟಿನ ಮುಖ್ಯಸ್ಥರಾದವರು ಊಗೊ ಅಗಿಲಾರ್ ಒರ್ತೀಸ್. ವಹಾಕಾ ರಾಜ್ಯದ ಮಿಸ್ಟೆಕ್ ಮೂಲನಿವಾಸಿ ಸಮುದಾಯದ ವಕೀಲರು. ಮೂಲನಿವಾಸಿಯೊಬ್ಬರು ಆ ಕುರ್ಚಿಯಲ್ಲಿ ಕೂತದ್ದು, ಮುಂದೆ ದೇಶದ ಅಧ್ಯಕ್ಷರೂ ಆದ ಬೆನಿಟೊ ಹ್ವಾರೆಸ್ ಕಾಲದ ನಂತರ ಇದೇ ಮೊದಲು ಎಂದು ಅಲ್ಲಿನವರು ಹೆಮ್ಮೆಪಟ್ಟರು. ಹ್ವಾರೆಸ್ ಇದ್ದದ್ದು 19ನೇ ಶತಮಾನದಲ್ಲಿ. ತಮಾಷೆ ಎಂದರೆ ಆಗಿನ 1857ರ ಸಂವಿಧಾನದಲ್ಲೂ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ಪರೋಕ್ಷ ಚುನಾವಣೆಯಿಂದಲೇ ಆರಿಸುತ್ತಿದ್ದರು.

ಅಗಿಲಾರ್ ಹಿಂದೆ ಸರ್ಕಾರದ ಮೂಲನಿವಾಸಿಗಳ ಸಂಸ್ಥೆಯಲ್ಲೇ ಅಧಿಕಾರಿ, ಹಾಗಾಗಿ ಆಳುವವರಿಗೆ ಹತ್ತಿರದವರು ಎಂಬ ಆಕ್ಷೇಪವೂ ಇದೆ. ಇರಲಿ. ದೇಶದ ಕೋರ್ಟಿನಲ್ಲಿ ದೇಶದ ಮುಖಗಳು ಕಾಣಬೇಕು ಎಂಬ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹೊಸ ಕೋರ್ಟಿನ ಒಂಬತ್ತರಲ್ಲಿ ಐವರು ಮಹಿಳೆಯರು. ನಮ್ಮ ಸುಪ್ರೀಂ ಕೋರ್ಟ್ ಶುರುವಾದದ್ದು 1950ರಲ್ಲಿ, ಮೊದಲ ಮಹಿಳೆ ಫಾತಿಮಾ ಬೀವಿ ಅಲ್ಲಿಗೆ ಬಂದದ್ದು 1989ರಲ್ಲಿ. ಆದರೆ ಮೆಕ್ಸಿಕೋದ ಐವರು ಬಂದದ್ದು ಮತದಾರರ ಒಲವಿನಿಂದಲ್ಲ. ಮತಪತ್ರದಲ್ಲೇ ಐದು ಚೌಕ ಮಹಿಳೆಯರಿಗೆಂದು ಮೀಸಲಿಟ್ಟಿದ್ದರು. ನೇಮಕದ ಪದ್ಧತಿಯಲ್ಲೂ ಇದೇ ನಿಯಮ ಹಾಕಬಹುದಿತ್ತು, ಅಲ್ವಾ?

ಅಮೆರಿಕದ ಹಳೆಯ ಅನುಭವ

ಜಡ್ಜ್‌ಗಳ ಚುನಾವಣೆ ಮೆಕ್ಸಿಕೋದ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯ 1832ರಲ್ಲೇ ಎಲ್ಲ ಜಡ್ಜ್‌ಗಳನ್ನೂ ಚುನಾವಣೆಗೆ ನಿಲ್ಲಿಸಿತು, 1846ರಲ್ಲಿ ನ್ಯೂಯಾರ್ಕ್ ಆ ದಾರಿ ಹಿಡಿಯಿತು. ಆಗಿನ ಒಂದು ಮುಖ್ಯ ವಾದ ಏನಿತ್ತು ಗೊತ್ತಾ? ಗವರ್ನರ್‌ಗಳ, ಶಾಸಕರ ಕೃಪೆಯಿಂದ ಬಂದವರು ಅವರಿಗೆ ಬಾಗುತ್ತಾರೆ, ಜನರಿಂದ ಬಂದರೆ ಸ್ವತಂತ್ರವಾಗಿರುತ್ತಾರೆ ಎಂದು. ಇವತ್ತು ಅಲ್ಲಿನ ಕೇಂದ್ರದ ಕೋರ್ಟುಗಳಿಗೆ ಅಧ್ಯಕ್ಷರೇ ನೇಮಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಆದರೆ ಮುಕ್ಕಾಲು ಪಾಲು ರಾಜ್ಯಗಳಲ್ಲಿ ಉನ್ನತ ಕೋರ್ಟಿಗೆ ಯಾವುದೋ ಒಂದು ರೂಪದ ಚುನಾವಣೆ ಇದೆ.

ಏನಾಯಿತು? ವೆಸ್ಟ್ ವರ್ಜೀನಿಯಾದ ಒಂದು ಕೇಸು ಸಾಕು. 2002ರಲ್ಲಿ ಮ್ಯಾಸ್ಸಿ ಎಂಬ ಕಲ್ಲಿದ್ದಲು ಕಂಪನಿಯ ವಿರುದ್ಧ ಸಣ್ಣ ಗಣಿ ಕಂಪನಿಯೊಂದರ ಮಾಲೀಕ ಕೇಸು ಗೆದ್ದ. ಪರಿಹಾರ 5 ಕೋಟಿ ಡಾಲರ್. ಮೇಲ್ಮನವಿ ರಾಜ್ಯದ ಉನ್ನತ ಕೋರ್ಟಿಗೆ ಹೋಗಬೇಕು. ಅಷ್ಟರಲ್ಲಿ 2004ರಲ್ಲಿ ಅದೇ ಕೋರ್ಟಿಗೆ ಚುನಾವಣೆ ಬಂತು. ಮ್ಯಾಸ್ಸಿ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಒಬ್ಬ ಅಭ್ಯರ್ಥಿಯ ಪರವಾಗಿ ಹೆಚ್ಚುಕಮ್ಮಿ 30 ಲಕ್ಷ ಡಾಲರ್ ಸುರಿದರು. ಅಭ್ಯರ್ಥಿ ಗೆದ್ದರು. ಮೇಲ್ಮನವಿ ಬಂದಾಗ 'ನೀವು ಹಿಂದೆ ಸರಿಯಿರಿ' ಎಂದು ಎದುರಾಳಿ ಕೇಳಿಕೊಂಡ, ಅವರು ಒಪ್ಪಲಿಲ್ಲ. 2007ರ ತೀರ್ಪು 3ಕ್ಕೆ 2, ಮ್ಯಾಸ್ಸಿ ಪರ. ಮೂವರಲ್ಲಿ ಒಬ್ಬರು ಅವರೇ. 30 ಲಕ್ಷ ಹಾಕಿ 5 ಕೋಟಿ ಉಳಿಸಿಕೊಂಡ ಲೆಕ್ಕ ಯಾರಿಗಾದರೂ ಅರ್ಥವಾಗುತ್ತದೆ. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಜಡ್ಜ್ ಹಿಂದೆ ಸರಿಯಲೇಬೇಕಿತ್ತು ಎಂದಿತು. ಅದೂ 5ಕ್ಕೆ 4ರಲ್ಲಿ. ಲಂಚ ಕೊಟ್ಟರು ಎಂದು ಯಾರೂ ಸಾಬೀತು ಮಾಡಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಎಲ್ಲ ನಿಯಮದೊಳಗೇ ನಡೆದಿತ್ತು.

ಈಗ ಮೊತ್ತಗಳು ಬೆಳೆದಿವೆ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಒಂದು ಸೀಟಿಗೆ ಎರಡೂ ಕಡೆಯಿಂದ 9 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ಇಲಾನ್ ಮಸ್ಕ್ ಬಂದು ಇಬ್ಬರು ಮತದಾರರಿಗೆ ತಲಾ ಹತ್ತು ಲಕ್ಷ ಡಾಲರ್ ಚೆಕ್ ಕೊಟ್ಟರು. ಅವರು ಬೆಂಬಲಿಸಿದ ಅಭ್ಯರ್ಥಿ ಸೋತರು. ದುಡ್ಡು ಯಾವಾಗಲೂ ಗೆಲ್ಲುವುದಿಲ್ಲ ಎಂದು ಸಮಾಧಾನ ಪಡಬಹುದು. ಆದರೆ ಗೆದ್ದವರ ಹಿಂದೆಯೂ ಕೋಟಿಗಟ್ಟಲೆ ಇತ್ತು.

ದುಡ್ಡಿಗಿಂತ ಸೂಕ್ಷ್ಮವಾದದ್ದು ಭಯ. ಪೆನ್ಸಿಲ್ವೇನಿಯಾದ ಶಿಕ್ಷೆಗಳನ್ನು ಅಧ್ಯಯನ ಮಾಡಿದವರು, ಜಡ್ಜ್ ಮತ್ತೆ ಮತದಾರರ ಮುಂದೆ ಹೋಗುವ ದಿನ ಹತ್ತಿರವಾದಂತೆ ಅವರು ಕೊಡುವ ಶಿಕ್ಷೆ ಉದ್ದವಾಗುತ್ತದೆ ಎಂದು ಕಂಡುಕೊಂಡರು. ಅದೇ ಅಪರಾಧ, ಅದೇ ಕಾನೂನು. ಬದಲಾದದ್ದು ಕ್ಯಾಲೆಂಡರ್. 2010ರಲ್ಲಿ ಅಯೋವಾ ರಾಜ್ಯದ ಮೂವರು ನ್ಯಾಯಮೂರ್ತಿಗಳನ್ನು ಮತದಾರರು ಕೆಳಗಿಳಿಸಿದರು. ಸಲಿಂಗಿಗಳ ಮದುವೆಗೆ ಅವಕಾಶ ಕೊಟ್ಟ ಹಿಂದಿನ ವರ್ಷದ ತೀರ್ಪಿಗೆ ಸಹಿ ಹಾಕಿದ್ದೇ ಅವರ ಮೇಲಿದ್ದ ದೂರು.

ಇದನ್ನೇ ನಮ್ಮ ತಾಲ್ಲೂಕಿಗೆ ತಂದು ಊಹಿಸಿ. ಒಂದು ಊರಿನ ಗೋಮಾಳವನ್ನು ಮುನ್ನೂರು ಮನೆಯವರು ಒತ್ತುವರಿ ಮಾಡಿಕೊಂಡಿದ್ದಾರೆ. ಒಬ್ಬನೇ ಒಬ್ಬ ಕುರಿ ಕಾಯುವವನು ಕೋರ್ಟಿಗೆ ಹೋಗಿದ್ದಾನೆ. ದಾಖಲೆ ಪೂರ್ತಿ ಅವನ ಪರ ಇದೆ. ಜಡ್ಜ್ ಮುಂದಿನ ವರ್ಷ ಅದೇ ತಾಲ್ಲೂಕಿನಲ್ಲಿ ವೋಟು ಕೇಳಬೇಕು. ಕುರಿ ಕಾಯುವವನದು ಒಂದು ವೋಟು. ಒತ್ತುವರಿದಾರರದು, ಮನೆಗೆ ಮೂರರಂತೆ ಹಿಡಿದರೂ, ಒಂಬೈನೂರು. ಅರಳಿಕಟ್ಟೆ ಪಂಚಾಯ್ತಿಯಲ್ಲಿ ಹತ್ತು ಜನರ ಬಾಯಿ ಯಾವ ಕಡೆಗಿತ್ತೋ ನ್ಯಾಯ ಆ ಕಡೆಗೆ ವಾಲುತ್ತದೆ ಎಂಬ ದೂರಿತ್ತಲ್ಲ, ಅದರಿಂದ ತಪ್ಪಿಸಿಕೊಂಡು ಬಂದವನು ಮತ್ತೆ ಅದೇ ಕಟ್ಟೆಗೆ ಬಂದು ನಿಲ್ಲುತ್ತಾನೆ.

ಹಾಗಾದರೆ ನೇಮಕವೇ ಸರಿಯಾ?

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕತೆ. ನೇಮಕ ಮಾಡುವವರ ಕೈಯಲ್ಲಿ ಏನಾಗಬಹುದು ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಅದರಲ್ಲಿ ಕನ್ನಡದವರೇ ಇಬ್ಬರು ಬರುತ್ತಾರೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಭೂಮಿಯ ವಿಚಾರಕ್ಕೆ ಹಾಕಿದ ಕೇಸಿನಲ್ಲಿ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದು 7ಕ್ಕೆ 6ರ ತೀರ್ಪು. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮರುದಿನವೇ, ಹಿರಿತನದಲ್ಲಿ ಮುಂದಿದ್ದ ಮೂವರನ್ನು ಬಿಟ್ಟು, ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಘೋಷಿಸಿತು. ರೇ ಸರ್ಕಾರದ ವಾದ ಒಪ್ಪಿದ್ದ ಆರು ಮಂದಿಯಲ್ಲಿ ಒಬ್ಬರು. ಬಿಟ್ಟುಹೋದವರು ಶೇಲತ್, ಗ್ರೋವರ್ ಮತ್ತು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಎಚ್.ಆರ್. ಖನ್ನಾ ಅವರಿಗೂ ಹೀಗೇ ಆಯಿತು. ತುರ್ತು ಪರಿಸ್ಥಿತಿಯಲ್ಲೂ ಮನುಷ್ಯನ ಬದುಕುವ ಹಕ್ಕು ಇರುತ್ತದೆ ಎಂದು ಒಬ್ಬರೇ ಬರೆದದ್ದಕ್ಕೆ ಅವರು ತೆತ್ತ ಬೆಲೆ ಅದು.

ಹೆಗ್ಡೆಯವರ ಮುಂದಿನ ಕತೆ ಸ್ವಾರಸ್ಯವಾಗಿದೆ. ಸರ್ಕಾರ ಕೊಡದ ಕುರ್ಚಿಯನ್ನು ಬಿಟ್ಟು ಬಂದವರು 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ವೋಟು ಕೇಳಿ ಗೆದ್ದರು, ಲೋಕಸಭೆಯ ಸ್ಪೀಕರ್ ಆದರು. ಜಡ್ಜ್ ಆಗುವ ಮೊದಲು ಅವರು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರೂ ಆಗಿದ್ದರು. ರಾಜಕೀಯದಿಂದ ಬಂದವರು ಸರ್ಕಾರಕ್ಕೆ ಬಾಗುತ್ತಾರೆ ಎಂಬ ಲೆಕ್ಕಾಚಾರ ಅವರ ವಿಷಯದಲ್ಲಿ ತಲೆಕೆಳಗಾಯಿತು.

ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸಿದರೆ

1973ರ, 1977ರ ಗಾಯದಿಂದಲೇ ಹುಟ್ಟಿದ್ದು ಕೊಲಿಜಿಯಂ. 1993ರಲ್ಲಿ ಸುಪ್ರೀಂ ಕೋರ್ಟ್ ನೇಮಕದ ಕೊನೆಯ ಮಾತು ನಮ್ಮದು ಎಂದು ತೀರ್ಪು ಕೊಟ್ಟಿತು, 1998ರಲ್ಲಿ ಅದಕ್ಕೆ ಈಗಿನ ರೂಪ ಬಂತು. ಸುಪ್ರೀಂ ಕೋರ್ಟಿಗೆ ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯರು, ಹೈಕೋರ್ಟುಗಳಿಗೆ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹೆಸರು ಸೂಚಿಸುತ್ತಾರೆ. ಸಂವಿಧಾನದಲ್ಲಿ ಕೊಲಿಜಿಯಂ ಎಂಬ ಪದವೇ ಇಲ್ಲ. ಅಂಬೇಡ್ಕರ್ 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ, ಮುಖ್ಯ ನ್ಯಾಯಮೂರ್ತಿಯೂ ನಮ್ಮೆಲ್ಲರಂತೆ ದೌರ್ಬಲ್ಯಗಳಿರುವ ಮನುಷ್ಯನೇ, ಅವರೊಬ್ಬರಿಗೇ ತಡೆಯುವ ಅಧಿಕಾರ ಕೊಡುವುದು ಅಪಾಯ ಎಂದಿದ್ದರು. ಸರ್ಕಾರಕ್ಕೇ ಪೂರ್ತಿ ಬಿಡುವುದೂ ಅವರಿಗೆ ಒಪ್ಪಿಗೆ ಇರಲಿಲ್ಲ.

2014ರಲ್ಲಿ ಸಂಸತ್ತು ಇದನ್ನು ಬದಲಿಸಿ ಆರು ಜನರ ನೇಮಕಾತಿ ಆಯೋಗ ತಂದಿತು. ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಯಾವ ಇಬ್ಬರು ಬೇಡ ಎಂದರೂ ಹೆಸರು ಬಿದ್ದುಹೋಗುತ್ತಿತ್ತು. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ 4ಕ್ಕೆ 1ರಲ್ಲಿ ಅದನ್ನು ರದ್ದು ಮಾಡಿತು. ಅಂದಿನಿಂದ ಎಳೆದಾಟ ನಡೆದೇ ಇದೆ.

ಎಳೆದಾಟ ನಡೆಯುವ ರೀತಿ ಹೊರಗಿನವರಿಗೆ ಕಾಣುವುದಿಲ್ಲ. ಕೊಲಿಜಿಯಂ ಹೆಸರು ಕಳಿಸಿದರೆ ಸರ್ಕಾರ ಒಮ್ಮೆ ವಾಪಸ್ ಮಾಡಬಹುದು. ಮತ್ತೆ ಅದೇ ಹೆಸರು ಬಂದರೆ ನೇಮಿಸಲೇಬೇಕು. ಆದರೆ ಎಷ್ಟು ದಿನದಲ್ಲಿ? ಗಡುವನ್ನು ಯಾರೂ ಪಾಲಿಸುವಂತೆ ಮಾಡಲಾಗಿಲ್ಲ. ಫೈಲಿನ ಮೇಲೆ ಸುಮ್ನೆ ಕೂತುಬಿಡಬಹುದು. ಐದು ಹೆಸರು ಒಟ್ಟಿಗೆ ಹೋದರೆ ಎರಡಕ್ಕೆ ಸಹಿ ಹಾಕಿ ಮೂರನ್ನು ಉಳಿಸಿಕೊಳ್ಳಬಹುದು. ಮುಂದೆ ಮುಖ್ಯ ನ್ಯಾಯಮೂರ್ತಿ ಯಾರಾಗುತ್ತಾರೆ ಎಂಬುದು ಸೇರಿದ ದಿನಾಂಕದ ಮೇಲೆ ನಿಂತಿರುವುದರಿಂದ, ಕೆಲವು ವಾರ ತಡವಾದರೂ ಸಾಕು, ಒಬ್ಬರ ಹಿರಿತನ ಹೋಗುತ್ತದೆ. ಬೇಡ ಎಂದು ಬರೆಯುವ ಅಗತ್ಯವೇ ಇಲ್ಲ.

ಬಂದ ಮೇಲೆ ಯಾರ ಮುಖ ನೋಡಬೇಕು?

ಇಷ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ 'ಚುನಾವಣೆಯಾ, ನೇಮಕವಾ' ಎಂಬ ಪ್ರಶ್ನೆ ನಾವಂದುಕೊಂಡಷ್ಟು ದೊಡ್ಡದಲ್ಲ ಅನಿಸುತ್ತದೆ. ಜಡ್ಜ್ ಯಾವ ಬಾಗಿಲಿನಿಂದ ಒಳಗೆ ಬಂದರು ಎನ್ನುವುದಕ್ಕಿಂತ, ಕುರ್ಚಿಯಲ್ಲಿ ಕೂತ ಮೇಲೆ ಅವರಿಗೆ ಯಾರು ತೊಂದರೆ ಕೊಡಬಲ್ಲರು, ಯಾರು ಉಡುಗೊರೆ ಕೊಡಬಲ್ಲರು ಎಂಬುದೇ ತೀರ್ಪನ್ನು ಜಾಸ್ತಿ ಅಲುಗಾಡಿಸುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಅದು ದುಡ್ಡು ಹಾಕಿದವನು. ಪೆನ್ಸಿಲ್ವೇನಿಯಾದಲ್ಲಿ ಮುಂದಿನ ಮತದಾನ.

ಮೆಕ್ಸಿಕೋದ ತಿದ್ದುಪಡಿಯಲ್ಲಿ ಮತಪತ್ರಕ್ಕಿಂತ ಗಂಭೀರವಾದ ಭಾಗ ಇರುವುದು ಇಲ್ಲೇ. ಅದು ಐದು ಜನರ ಶಿಸ್ತು ಮಂಡಳಿಯೊಂದನ್ನು ಹುಟ್ಟುಹಾಕಿದೆ. ಆ ಐವರೂ ಅದೇ ಚುನಾವಣೆಯಲ್ಲಿ ಬಂದವರು. ಯಾವ ಜಡ್ಜನ್ನಾದರೂ ವಿಚಾರಣೆ ಮಾಡಿ ಶಿಕ್ಷಿಸಬಹುದು. ಅವರ ನಿರ್ಧಾರವೇ ಕೊನೆ, ಮೇಲ್ಮನವಿ ಇಲ್ಲ. ಸುಪ್ರೀಂ ಕೋರ್ಟಿನವರಿಗೆ ಮರು ಆಯ್ಕೆ ಇಲ್ಲ, ಅಷ್ಟರ ಮಟ್ಟಿಗೆ ಅವರು ನಿರಾಳ. ಆದರೆ ಜಿಲ್ಲೆಗಳ ಜಡ್ಜ್‌ಗಳು ಒಂಬತ್ತು ವರ್ಷಕ್ಕೊಮ್ಮೆ ಮತ್ತೆ ವೋಟು ಕೇಳಬೇಕು, ನಡುವೆ ಮಂಡಳಿಗೂ ಹೆದರಬೇಕು. ಸರ್ಕಾರದ ವಿರುದ್ಧ ತಡೆಯಾಜ್ಞೆ ಕೊಡುವ ಮೊದಲು ಕೈ ಒಂದು ಕ್ಷಣ ನಿಲ್ಲುವುದಿಲ್ಲ ಎಂದು ಹೇಗೆ ಹೇಳುವುದು?

ಬೊಲಿವಿಯಾ 2011ರಿಂದಲೇ ಉನ್ನತ ಜಡ್ಜ್‌ಗಳನ್ನು ಆರಿಸುತ್ತಿದೆ. ಅಲ್ಲಿ ಅಭ್ಯರ್ಥಿಗಳ ಪಟ್ಟಿ ಮಾಡುವುದು ಸಂಸತ್ತು. ಮೊದಲ ಸಲವೇ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಅಥವಾ ಕೆಟ್ಟ ಮತಗಳಿದ್ದವು. 2023ರಲ್ಲಿ ಸಂಸತ್ತಿನಲ್ಲಿ ಒಮ್ಮತ ಬಾರದೆ ಚುನಾವಣೆಯೇ ನಿಂತಿತು. ಆಗ ಸಂವಿಧಾನ ನ್ಯಾಯಮಂಡಳಿಯ ಜಡ್ಜ್‌ಗಳು ತಮ್ಮ ಅವಧಿಯನ್ನು ತಾವೇ ಮುಂದುವರಿಸಿಕೊಂಡರು.

ಕುರ್ಚಿಯಲ್ಲಿರುವ ಜಡ್ಜನ್ನು ಹೆದರಿಸುವ ಕೆಲಸವನ್ನು ನಮ್ಮಲ್ಲಿ ವರ್ಗಾವಣೆ ಮಾಡುತ್ತದೆ. 2017ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿದ್ದ ಜಯಂತ್ ಪಟೇಲ್ ಹಂಗಾಮಿ ಮುಖ್ಯ ನ್ಯಾಯಮೂರ್ತಿ ಆಗಲು ಕೆಲವೇ ದಿನ ಇದ್ದಾಗ ಅವರನ್ನು ಅಲಹಾಬಾದಿಗೆ ವರ್ಗ ಮಾಡಲು ಕೊಲಿಜಿಯಂ ಹೊರಟಿತು. ಹಿಂದೆ ಗುಜರಾತಿನಲ್ಲಿದ್ದಾಗ ಇಶ್ರತ್ ಜಹಾನ್ ಎಂಬ ಯುವತಿಯ ಪೊಲೀಸ್ ಎನ್‌ಕೌಂಟರ್ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದ್ದ ಪೀಠದಲ್ಲಿ ಅವರಿದ್ದರು. ಪಟೇಲ್ ರಾಜೀನಾಮೆ ಕೊಟ್ಟರು. ಬೆಂಗಳೂರಿನ ವಕೀಲರು ಪ್ರತಿಭಟಿಸಿದರು. ಎರಡಕ್ಕೂ ಸಂಬಂಧ ಇತ್ತು ಎನ್ನಲು ಸಾಕ್ಷಿ ಇಲ್ಲ. ಆದರೆ ಕಾರಣ ಹೇಳದೆ ವರ್ಗ ಮಾಡುವ ಪದ್ಧತಿ ಇರುವಾಗ ಜನ ತಾವೇ ಕಾರಣ ಹುಡುಕಿಕೊಳ್ಳುತ್ತಾರೆ. ಆ ವಾರಗಳ ನಂತರವೇ, 2017ರ ಅಕ್ಟೋಬರ್‌ನಲ್ಲಿ, ಕೊಲಿಜಿಯಂ ತನ್ನ ನಿರ್ಣಯಗಳನ್ನು ವೆಬ್‌ಸೈಟಿನಲ್ಲಿ ಹಾಕಲು ಶುರು ಮಾಡಿತು.

ಇನ್ನೊಂದು ತುದಿಯಲ್ಲಿ ನಿವೃತ್ತಿಯ ನಂತರದ ಹುದ್ದೆಗಳಿವೆ. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ 2019ರ ನವೆಂಬರ್‌ನಲ್ಲಿ ನಿವೃತ್ತರಾದರು, 2020ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಮೂಡುಬಿದಿರೆ ಕಡೆಯ ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾದರು. ಇವರ ಯಾವುದೇ ತೀರ್ಪು ತಪ್ಪು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ನಿವೃತ್ತಿಗೂ ಹೊಸ ಹುದ್ದೆಗೂ ನಡುವೆ ಎರಡು ವರ್ಷ ಅಂತರ ಇರಬೇಕು ಎಂಬ ಒಂದೇ ಒಂದು ಸಾಲಿನ ಕಾನೂನು, ಹತ್ತು ಕೊಲಿಜಿಯಂ ಚರ್ಚೆಗಳಿಗಿಂತ ಜಾಸ್ತಿ ಅನುಮಾನ ತೊಳೆಯುತ್ತಿತ್ತು.

ಕೆಟ್ಟ ಜಡ್ಜನ್ನು ತೆಗೆಯುವ ದಾರಿಯೂ ನಮ್ಮಲ್ಲಿ ಬಹಳ ಕಿರಿದು. ನೂರು ಲೋಕಸಭಾ ಸದಸ್ಯರೋ ಐವತ್ತು ರಾಜ್ಯಸಭಾ ಸದಸ್ಯರೋ ಸಹಿ ಹಾಕಬೇಕು, ಸಮಿತಿ ವಿಚಾರಿಸಬೇಕು, ಎರಡೂ ಸದನದಲ್ಲಿ ವಿಶೇಷ ಬಹುಮತ ಬೇಕು. 1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ವಿರುದ್ಧದ ನಿರ್ಣಯ ಲೋಕಸಭೆಗೆ ಬಂದಾಗ ಆಳುವ ಕಾಂಗ್ರೆಸ್ ಸದಸ್ಯರು ಮತ ಹಾಕದೆ ದೂರ ಉಳಿದರು, ನಿರ್ಣಯ ಬಿದ್ದುಹೋಯಿತು. 'ಚುನಾವಣೆ ಇಡಿ' ಎಂಬ ಕೂಗಿನ ಹಿಂದೆ ನಿಜವಾಗಿ ಇರುವುದು ಈ ಅಸಹಾಯಕತೆ. ಸುಮ್ಮನಿರುವುದೂ ಅಲ್ಲದ, ವಜಾವೂ ಅಲ್ಲದ ನಡುವಿನ ದಾರಿಯೊಂದು, ಸರ್ಕಾರದ ಕೈಗೆ ಸಿಗದ ದೂರು ವ್ಯವಸ್ಥೆಯೊಂದು ಇದ್ದಿದ್ದರೆ ಆ ಕೂಗು ಇಷ್ಟು ಜೋರಾಗುತ್ತಿರಲಿಲ್ಲ.

ನಮ್ಮಲ್ಲಿ ಚುನಾವಣೆ ಬರಬಹುದಾ?

ಹತ್ತಿರದಲ್ಲಂತೂ ಇಲ್ಲ. ನ್ಯಾಯಾಂಗದ ಸ್ವಾತಂತ್ರ್ಯ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದು ಕೋರ್ಟು ಹೇಳಿದೆ. ಕಾನೂನು ಮಂತ್ರಿಯೊಬ್ಬರು ಕೂತಿದ್ದ ಆಯೋಗವೇ ಆ ಪರೀಕ್ಷೆಯಲ್ಲಿ ನಪಾಸಾದ ಮೇಲೆ ಮತಪೆಟ್ಟಿಗೆ ಪಾಸಾಗುವುದು ಕಷ್ಟ. ಇನ್ನು ತಾಲ್ಲೂಕು ಕೋರ್ಟಿನ ಸಿವಿಲ್ ಜಡ್ಜ್‌ಗಳನ್ನು, ಅಂದರೆ ಜನಸಾಮಾನ್ಯರು ನಿಜವಾಗಿ ಮುಖ ನೋಡುವ ಜಡ್ಜ್‌ಗಳನ್ನು, ಹೈಕೋರ್ಟು ಪರೀಕ್ಷೆ ಮಾಡಿಯೇ ಆರಿಸುತ್ತದೆ. 2025ರ ಮೇ ತಿಂಗಳಲ್ಲಿ ಅದಕ್ಕೆ ಕನಿಷ್ಠ ಮೂರು ವರ್ಷದ ವಕೀಲಿಕೆ ಇರಬೇಕು ಎಂಬ ಹಳೆಯ ನಿಯಮವನ್ನು ಸುಪ್ರೀಂ ಕೋರ್ಟ್ ಮತ್ತೆ ತಂದಿತು. ಕೊಲಿಜಿಯಂ ಬಗ್ಗೆ ನಡೆಯುವ ಗದ್ದಲದಲ್ಲಿ ಈ ಕೋರ್ಟುಗಳ ಖಾಲಿ ಕುರ್ಚಿಗಳ ಮಾತೇ ಬರುವುದಿಲ್ಲ.

ಮೆಕ್ಸಿಕೋದ ಹೊಸ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಕೆಲಸ ಶುರು ಮಾಡಿದೆ. ಹಿಂದಿನ ಹನ್ನೊಂದರಲ್ಲಿ ಎಂಟು ಮಂದಿ ಚುನಾವಣೆಗೆ ನಿಲ್ಲದೆ ಹೊರನಡೆದರು, ನಿಂತ ಮೂವರೂ ಗೆದ್ದರು. ಕೇಂದ್ರದ ಕೆಳಗಿನ ಕೋರ್ಟುಗಳ ಉಳಿದರ್ಧ ಹುದ್ದೆಗಳಿಗೆ ಮತದಾನ 2027ಕ್ಕೆ ಎಂದು ತಿದ್ದುಪಡಿಯಲ್ಲಿ ಬರೆದಿದೆ. ಅದು ಸಂಸತ್ತಿನ ಕೆಳಮನೆಗೂ ಚುನಾವಣೆಯ ವರ್ಷ. ಎರಡೂ ಒಂದೇ ದಿನ ನಡೆದರೆ ಮತಗಟ್ಟೆಗೆ ಜನ ಜಾಸ್ತಿ ಬರಬಹುದು, 13 ಎಂಬ ಮುಜುಗರದ ಅಂಕಿ ಏರಬಹುದು. ಪಕ್ಷಗಳ ಕಾರ್ಯಕರ್ತರೂ ಅವತ್ತು ಹೇಗೂ ಬೀದಿಯಲ್ಲೇ ಇರುತ್ತಾರೆ, ಕೈಯಲ್ಲಿ ಕಾಗದ ಹಿಡಿದುಕೊಂಡು.